ಹಮೀದ್ ಚಾಚಾ ಕೂಗಿದ ಹೆಸರು

ಶಕುನ, ಸೂಚನೆ ಎಂದು ಯಾರಾದರೂ ಮಾತು ತೆಗೆದರೆ ಎದ್ದು ಚಹಾಕ್ಕೆ ಹೋಗುವವಳು ನಾನು. ಆಸ್ಪತ್ರೆಯ ಮ್ಯಾನೇಜರಾದ ನನಗೆ ರಿಜಿಸ್ಟರಿನಲ್ಲಿ ಬರೆದದ್ದೇ ನಿಜ. ಈಗಲೂ ನಾನೇನೂ ಹೆಚ್ಚು ಬದಲಾಗಿಲ್ಲ. ಆದರೆ ಆ ಒಂದು ಬೆಳಗಿನ ವಿಷಯ ಮಾತ್ರ ಯಾವ ರಿಜಿಸ್ಟರಿನಲ್ಲೂ ಬರೆಯಲಾಗದ್ದು.

ಮೊದಲು ನಾನು ಚನ್ನಗಿರಿಯ ಈ ಸಣ್ಣ ಖಾಸಗಿ ಆಸ್ಪತ್ರೆಗೆ ಚೀಟಿ ಬರೆಯುವ ಕೆಲಸಕ್ಕೆ ಸೇರಿದ್ದೆ. ರೋಗಿಗಳನ್ನು ಒಳಗೆ ಕರೆಯುತ್ತಿದ್ದವರು ನಮ್ಮ ಅಟೆಂಡರ್ ಹಮೀದ್ ಚಾಚಾ. ಊರು ಸೇರಿಸಿ ಹೆಸರು ಕೂಗುವುದು ಅವರ ಪದ್ಧತಿ. “ಉಬ್ರಾಣಿ ರುದ್ರಪ್ಪಾರು ಯಾರ್ರೀ, ಬರ್ರಿ” ಎನ್ನುವರು. ಯಾರೂ ಏಳದಿದ್ದರೆ ಬೆಂಚಿನಿಂದ ಬೆಂಚಿಗೆ ಹೋಗಿ ಹುಡುಕುವರು. ನನಗೆ ಕೆಲಸ ಕಲಿಸಿದವರೂ ಅವರೇ. “ಚೀಟಿ ಆಮ್ಯಾಲೆ ನೋಡು ಬೇಟಾ, ಮೊದ್ಲು ಮುಖ ನೋಡು” ಎನ್ನುತ್ತಿದ್ದರು. ಆ ಮನುಷ್ಯನ ಮೇಲೆ ನನಗೆ ತಂದೆಯಷ್ಟೇ ಪ್ರೀತಿ.

ವರ್ಷಗಳು ಕಳೆದು ನಾನೇ ಮ್ಯಾನೇಜರಾದೆ. ದಾವಣಗೆರೆಯಲ್ಲಿ ತರಬೇತಿ ಮುಗಿಸಿ ಬಂದವಳೇ ಟೋಕನ್ ಯಂತ್ರ ತರಿಸಿ, ನಂಬರು ಬೆಳಗುವ ಬೋರ್ಡು ಹಾಕಿಸಿದೆ. ಹೊಸದರಲ್ಲಿ ಅಗಸ ಗೋಣಿ ಎತ್ತಿ ಎತ್ತಿ ಒಗೆದನಂತೆ, ಹಾಗಿತ್ತು ನನ್ನ ಉತ್ಸಾಹ. ಚಾಚಾ ಆ ವರ್ಷವೇ ನಿವೃತ್ತರಾಗಿ ಹೊನ್ನಾಳಿಯ ಮಗಳ ಮನೆಗೆ ಹೊರಟರು. ಹೋಗುವಾಗ, “ಓದಾಕೆ ಬರದೋರು ಏನ್ ಮಾಡ್ಬೇಕು ಬೇಟಾ?” ಎಂದು ಕೇಳಿದರು. “ರೂಢಿಯಾಗುತ್ತೆ ಚಾಚಾ” ಎಂದು ನಕ್ಕುಬಿಟ್ಟೆ.

ಅದಾಗಿ ಎರಡು ತಿಂಗಳಿಗೆ, ಒಂದು ಸೋಮವಾರ ಹನ್ನೊಂದರ ಹೊತ್ತು. ನಾನು ನನ್ನ ಕೋಣೆಯಲ್ಲಿ ಡ್ಯೂಟಿ ಪಟ್ಟಿ ಹಾಕುತ್ತಿದ್ದೆ. ಹೊರಗಿನ ಹಾಲ್‌ನಿಂದ ಚಾಚಾ ದನಿ ಕೇಳಿತು. “ಸೊಕ್ಕೆ ಹನುಮಕ್ಕ ಯಾರ್ರೀ? ಎಲ್ಲಿದ್ದೀರಿ?”

ನಮ್ಮನ್ನು ನೋಡಲು ಬಂದಿದ್ದಾರೆ, ಹಳೆ ಚಾಳಿ ಬಿಟ್ಟಿಲ್ಲ ಎಂದು ಖುಷಿಯಾಗಿ ಹೊರಗೆ ಬಂದೆ. ಚಾಚಾ ಇರಲಿಲ್ಲ. ಕೌಂಟರಿನ ಹುಡುಗಿಯರನ್ನು ಕೇಳಿದರೆ ಯಾರೂ ಕೂಗಿಲ್ಲವೆಂದರು. ಆ ಹೆಸರಿನ ಚೀಟಿಯೂ ಇರಲಿಲ್ಲ. ತಿರುಗಿ ಹೋಗಬೇಕಿತ್ತು. ಯಾಕೋ ಕಾಲು ಬರಲಿಲ್ಲ. ಚಾಚಾ ಮಾಡುತ್ತಿದ್ದ ಹಾಗೆ ಬೆಂಚಿನಿಂದ ಬೆಂಚಿಗೆ ನೋಡುತ್ತಾ ಹೋದೆ.

ಕಂಬದ ಮರೆಯ ಕೊನೆಯ ಬೆಂಚಿನಲ್ಲಿ ಒಬ್ಬ ಅಜ್ಜಿ ಸೆರಗು ಹೊದ್ದು ಗೋಡೆಗೆ ಒರಗಿದ್ದರು. ನಿದ್ದೆ ಎಂದುಕೊಂಡೆ. ಮುಟ್ಟಿದರೆ ಮೈಯೆಲ್ಲ ತಣ್ಣನೆ ಬೆವರು, ಕೂಗಿದರೆ ಓ ಎನ್ನಲಿಲ್ಲ. ಕೈಯಲ್ಲಿದ್ದ ಟೋಕನ್ನಿನ ನಂಬರು ಬೋರ್ಡಿನಲ್ಲಿ ಬೆಳಗಿ ದಾಟಿಹೋಗಿ ಒಂದು ಗಂಟೆಯಾಗಿತ್ತು. ಸಕ್ಕರೆ ಕಾಯಿಲೆಯ ಮಾತ್ರೆ ನುಂಗಿ, ರಕ್ತಪರೀಕ್ಷೆಗೆಂದು ಹಸಿದ ಹೊಟ್ಟೆಯಲ್ಲಿ ಒಬ್ಬರೇ ಬಂದಿದ್ದರು. ಡಾಕ್ಟರು ಓಡಿಬಂದು, ರಕ್ತದ ಸಕ್ಕರೆ ತೀರಾ ಇಳಿದಿದೆಯೆಂದು ಗ್ಲೂಕೋಸ್ ಏರಿಸಿದರು. ಇನ್ನು ಸ್ವಲ್ಪ ತಡವಾಗಿದ್ದರೆ ಜೀವ ಉಳಿಯುತ್ತಿರಲಿಲ್ಲ ಎಂದರು. ಆ ಬೋರ್ಡು ಹಾಕಿಸಿದವಳು ನಾನೇ ತಾನೇ.

ಅಜ್ಜಿಯ ಚೀಟಿಯಲ್ಲಿದ್ದದ್ದು ‘ಹನುಮಮ್ಮ, ನಲ್ಲೂರು’. ಸಂಜೆ ಚಾಚಾಗೆ ಫೋನ್ ಮಾಡಿದೆ. “ನಾನು ಹೊನ್ನಾಳ್ಯಾಗೇ ಇದ್ನಲ್ಲ ಬೇಟಾ, ಮೊಮ್ಮಗಳಿಗೆ ಜಡೆ ಹಾಕ್ತಿದ್ದೆ. ಆ ಅಮ್ಮ ಯಾರೋ ನಂಗೊತ್ತಿಲ್ಲ. ಉಳಕಂಡ್ರಲ್ಲ, ಅಷ್ಟು ಸಾಕು ಬಿಡು” ಎಂದರು.

ಮಾರನೆಯ ದಿನವೇ ಹೆಸರು ಕೂಗುವ ಪದ್ಧತಿಯನ್ನು ಮತ್ತೆ ತಂದೆ. ನಮ್ಮ ಆಸ್ಪತ್ರೆಯ ಈ ಸುಧಾರಣೆಯ ಬಗ್ಗೆ ಆಮೇಲೆ ತರಬೇತಿಗಳಲ್ಲಿ ನಾನೇ ಮಾತಾಡಿದ್ದೇನೆ. ಹೇಗೆ ಹೊಳೆಯಿತು ಎಂದು ಕೇಳಿದರೆ ‘ಅನುಭವದಿಂದ’ ಎಂದು ಜಾರಿಕೊಳ್ಳುತ್ತೇನೆ.

ಅಜ್ಜಿಯನ್ನು ಮನೆಗೆ ಕಳಿಸುವ ದಿನ ಪಕ್ಕದಲ್ಲಿ ಕೂತೆ. ನನ್ನ ಕೈ ಹಿಡಿದು ಅವರೇ ಕೇಳಿದರು: “ಅವತ್ತು ನನ್ನ ಕೂಗಿದೋರು ಎಲ್ಲಿದಾರವ್ವಾ? ಸೊಕ್ಕೆ ನನ್ನ ತವರು. ಮದುವ್ಯಾಗಿ ನಲ್ಲೂರಿಗೆ ಬಂದ್ಮ್ಯಾಲೆ ನನ್ನ ಯಾರೂ ಹನುಮಕ್ಕ ಅಂದಿಲ್ಲ. ಕೇಳಿಸ್ತಿತ್ತು ಕಣವ್ವ, ಓ ಅನ್ನಾಕೆ ಆಗ್ಲಿಲ್ಲ.”

ತುಂಬಿದ ಹಾಲ್‌ನಲ್ಲಿ ಆ ದನಿ ಕೇಳಿಸಿದ್ದು ನಮ್ಮಿಬ್ಬರಿಗೇ. ನಾನು ಅವರ ಕೈ ಹಾಗೇ ಹಿಡಿದುಕೊಂಡು ಕೂತಿದ್ದೆ.