ಕೇರು ತಾಗದ ಕುಲ

ಬೆಳಕು ಹರಿಯುವುದರೊಳಗೆ ಕನ್ನಮ್ಮ ಇಷ್ಟು ಮುಗಿಸಬೇಕು. ಬಟ್ಟೆ ಬೇಯಿಸಿದ ಒಲೆಯಿಂದ ನಿನ್ನೆಯ ಬೂದಿ ಬಾಚಬೇಕು. ಬಾವಿಯಿಂದ ಹನ್ನೆರಡು ಕೊಡ ನೀರು ಸೇದಿ ಹಂಡೆ ತುಂಬಬೇಕು, ಸೋಡಾ ಕದಡಬೇಕು. ಗಂಟು ಬಿಚ್ಚಿ ಬಿಳಿಯದು, ಬಣ್ಣದ್ದು, ಬಾಣಂತಿ ಮನೆಯದು ಎಂದು ಬೇರೆಬೇರೆ ಮಾಡಬೇಕು. ಅತ್ತೆಗೆ ಬಿಸಿನೀರು, ಗಂಡನಿಗೆ ಬೆಲ್ಲದ ಕಾಫಿ. ಗಂಜಿಗೆ ಅಕ್ಕಿ ಇಡಬೇಕು, ಒಂದು ಪಾಲು ಉಣ್ಣುವುದಕ್ಕೆ, ಒಂದು ಪಾಲು ಬಟ್ಟೆಗೆ ಹಾಕುವುದಕ್ಕೆ. ಕೊನೆಗೆ ಚಿಮಣಿ ದೀಪದ ಮುಂದೆ ಕೂತು ಹೊಸದಾಗಿ ಬಂದ ಬಟ್ಟೆಗಳಿಗೆ ಗುರುತು ಹಾಕಬೇಕು. ಗಂಡ ದುಗ್ಗಪ್ಪ ಏಳುವಷ್ಟರಲ್ಲಿ ಅದು ಒಣಗಿರಬೇಕು. ಹೊಸನಗರದ ಪೇಟೆಯಲ್ಲಿ ಎಲ್ಲರೂ ಅದನ್ನು ದುಗ್ಗಪ್ಪನ ಗುರುತು ಅನ್ನುತ್ತಿದ್ದರು.

ಶಿವರಾತ್ರಿ ಕಳೆದ ಮೇಲೆ ಇವೆಲ್ಲಕ್ಕೂ ಮೊದಲು ಇನ್ನೊಂದು ಕೆಲಸ ಸೇರಿಕೊಂಡಿತ್ತು. ಒದ್ದೆ ಬಟ್ಟೆಯನ್ನು ಕಣ್ಣಿನ ಮೇಲೆ ಒತ್ತಿ ಹಿಡಿದು, ರಾತ್ರಿ ಸೋರಿ ಗಟ್ಟಿಯಾದ ಹಕ್ಕಳೆ ನೆನೆಯುವ ತನಕ ಕಾಯುವುದು. ಆಮೇಲೆ ಒಂದೊಂದೇ ರೆಪ್ಪೆ ಬಿಡಿಸುವುದು. ಇದನ್ನು ಅವಳು ಬಚ್ಚಲಲ್ಲಿ, ಬಾಗಿಲು ಮುಂದೆ ಮಾಡಿಕೊಂಡು, ಕಳ್ಳತನದ ಹಾಗೆ ಮಾಡುತ್ತಿದ್ದಳು.

ಗುರುತು ಹಾಕುವುದು ಕೇರುಬೀಜದಿಂದ. ಕಾಡಿನ ಕೇರುಮರದ ಕರಿಬೀಜವನ್ನು ಸೂಜಿಯಿಂದ ಚುಚ್ಚಿದರೆ ಮೊನೆಗೆ ಕಪ್ಪು ರಸ ಬರುತ್ತದೆ. ಅದರಲ್ಲಿ ಬಟ್ಟೆಯ ಅಂಚಿಗೋ ಕಾಲರಿನ ಒಳಕ್ಕೋ ಚುಕ್ಕೆಯಿಟ್ಟು ಮೇಲೆ ಸುಣ್ಣ ಮೆತ್ತಿದರೆ ಬಟ್ಟೆ ಹರಿದರೂ ಗುರುತು ಹೋಗುವುದಿಲ್ಲ. ಶಾನುಭೋಗರ ಮನೆಗೆ ಎರಡು ಚುಕ್ಕೆ ಒಂದು ಗೆರೆ, ಡಾಕ್ಟರಿಗೆ ಕೊಡೆಯ ಹಾಗೆ ಒಂದು ಬಿಲ್ಲು. ಓದು ಬರದ ಕನ್ನಮ್ಮನಿಗೆ ನಲವತ್ತು ಮನೆಯ ಗುರುತು ಬಾಯಿಪಾಠ.

ಆ ಮರದ ಗಾಳಿ ಬಡಿದರೇ ಮೈ ಊದುವವರು ಇದ್ದಾರೆ. ಆದರೆ ಮಡಿವಾಳರಿಗೆ ಮಾತ್ರ ಕೇರು ತಾಗುವುದಿಲ್ಲ ಎಂಬುದು ಕೇರಿಯವರ ನಂಬಿಕೆ. ತಮ್ಮ ಕುಲಕ್ಕೆ ದೇವರೇ ಕೊಟ್ಟ ಬಿಡುಗಡೆ ಅದು ಎಂದು ದುಗ್ಗಪ್ಪ ಹೇಳಿಕೊಳ್ಳುತ್ತಿದ್ದ. ಮದುವೆಯಾಗಿ ಅರಳಸುರಳಿಯಿಂದ ಬಂದ ಹೊಸತರಲ್ಲಿ ಅತ್ತೆ ಹುಲಿಯಮ್ಮ ಬೀಜ ಕೈಗೆ ಕೊಟ್ಟು, "ಚುಚ್ಚು ಕಾಂಬ. ಏನೂ ಆಗ್ದಿದ್ರೆ ನೀನು ನಮ್ಮ ಜಾತಿ ಹೆಣ್ಣು ಸೈ" ಅಂದಿದ್ದಳು. ಏನೂ ಆಗಲಿಲ್ಲ. ಹದಿನಾಲ್ಕು ವರ್ಷ ಏನೂ ಆಗಿರಲಿಲ್ಲ.

ಅರವತ್ಮೂರನೇ ಇಸವಿಯಲ್ಲಿ ಶರಾವತಿಗೆ ಅಣೆಕಟ್ಟು ಏಳುತ್ತಿತ್ತು. ಮುಳುಗುವ ಊರುಗಳ ಲೆಕ್ಕ ಬರೆಯುವವರು ಹೊಸನಗರದಲ್ಲಿ ರೂಮು ಹಿಡಿದರು. ಹೆಂಡಿರಿಲ್ಲದ ಗಂಡಸರು, ದಿನಕ್ಕೊಂದು ಬಿಳಿ ಶರಟು. ವಾರಕ್ಕೆ ಹತ್ತು ಗುರುತು ಹಾಕುತ್ತಿದ್ದ ಕನ್ನಮ್ಮ ದಿನಕ್ಕೆ ಹದಿನೈದು ಹಾಕತೊಡಗಿದಳು. ಎರಡು ತಿಂಗಳಲ್ಲಿ ರೆಪ್ಪೆ ತುರಿಸಿತು, ಕೆಂಪಾಯಿತು, ಸಿಪ್ಪೆಯೆದ್ದಿತು.

ಯಾರಾದರೂ ಕೇಳಿದರೆ ಹೊಗೆ ಅನ್ನುತ್ತಿದ್ದಳು. ಅತ್ತೆ ಬೇವು ಅರಿಶಿನ ಅರೆದು ಮೆತ್ತಿದಳು, ಉರಿ ಹೆಚ್ಚಾಯಿತು. ಹರಳೆಣ್ಣೆ ದೀಪದ ಕಾಡಿಗೆ ಹಚ್ಚಿದಳು, ನೀರು ಸೋರಿತು. ನೋವಿಗಿಂತ ಜನರ ನೋಟವೇ ಕಷ್ಟ. ಊದಿದ ಕೆಂಪು ಕಣ್ಣು ಕಂಡವರು ಒಂದೇ ಅರ್ಥ ಮಾಡುತ್ತಿದ್ದರು. ಒಗೆಯುವ ಕಲ್ಲಿನ ಹತ್ತಿರ ಕೇರಿಯ ಗುತ್ಯಮ್ಮ, "ಎಂತ ಮಾರಾಯ್ತಿ, ರಾತ್ರಿಯಿಡೀ ಗುದ್ದಿದ್ನಾ?" ಎಂದು ನಕ್ಕಳು. ಮಾತು ದುಗ್ಗಪ್ಪನ ಕಿವಿಗೆ ಬಿತ್ತು. "ನಾನು ಒಂದು ದಿನ ಕೈ ಎತ್ತಿದವನಲ್ಲ. ನೀನು ಮುಖ ಹಿಂಗೆ ಮಾಡ್ಕಂಡು ಊರು ತಿರುಗಿದ್ರೆ ಪೇಟೇಲಿ ನಾನು ತಲೆ ಎತ್ತೂದು ಹ್ಯಾಂಗೆ?" ಅಂದ. ಅವನು ಹೇಳಿದ್ದು ನಿಜ, ಅವನು ಹೊಡೆದವನಲ್ಲ. ಅದಕ್ಕೇ ಅವಳಿಗೆ ಇನ್ನೂ ನಾಚಿಕೆಯಾಯಿತು. ಗಂಡನ ಹೆಸರು ಕೆಡಿಸುವ ಮುಖ ಹೊತ್ತು ನಡೆಯುತ್ತಿದ್ದೇನೆ ಅನ್ನಿಸಿತು. ಸೆರಗನ್ನು ಹುಬ್ಬಿನ ತನಕ ಎಳೆದುಕೊಳ್ಳಲು ಕಲಿತಳು.

ಆಮೇಲೆ ಶಾನುಭೋಗರ ಮನೆಯ ಸಂಗತಿ. ಅವರ ಹೆಂಡತಿ ಶಾಂತಮ್ಮನ ಮಗಳು ಹೆತ್ತಿದ್ದಳು. ಹನ್ನೊಂದನೆಯ ದಿನ ಬಾಣಂತಿ ಮಿಂದು ಉಡುವ ಸೀರೆ ಮಡಿವಾಳಗಿತ್ತಿಯ ಕೈಯಿಂದಲೇ ಬರಬೇಕು. ಅವಳು ಕೊಡುವ ತನಕ ಸೂತಕ ಬಿಡುವುದಿಲ್ಲ. ವರ್ಷದಲ್ಲಿ ಕೆಲವೇ ದಿನ ಕನ್ನಮ್ಮ ಹಿತ್ತಿಲ ಬಾಗಿಲಲ್ಲಿ ಹೋಗದೆ ಮುಂಬಾಗಿಲಲ್ಲಿ ಹೋಗುವುದು ಈ ಕೆಲಸಕ್ಕೆ. ಅಡಿಕೆ, ವೀಳ್ಯ, ಅಕ್ಕಿ ಕೊಟ್ಟು "ಬಾ" ಅನ್ನುತ್ತಾರೆ.

ಅವತ್ತು ಶಾಂತಮ್ಮ ಹೊಸಿಲಲ್ಲೇ ತಡೆದಳು. "ಎಂತದೇ ಕನ್ನಿ ಇದು? ಮಂಗಳದ ದಿನ ಅತ್ಕಂಡು ಬಂದ್ಯಾ?"

"ಇಲ್ರಮ್ಮ, ಹೊಗೆ..."

ಶಾಂತಮ್ಮ ಬಗ್ಗಿ ನೋಡಿದಳು, ಒಂದು ಹೆಜ್ಜೆ ಹಿಂದೆ ಸರಿದಳು. "ಇದು ಹೊಗೆ ಅಲ್ಲ. ಅಂಟೂ ರೋಗ. ಸೀರೆ ಅಲ್ಲೇ ಜಗಲಿ ಮೇಲಿಡು. ಮಗೂ ಕಡೆ ನೋಡಬೇಡ ಹಾಂ. ನಾಳೆಯಿಂದ ನಿನ್ನತ್ತೇನ ಕಳ್ಸು."

ಒಳಗೆ ನೆಂಟರು ತುಂಬಿದ್ದರು. ಎಲ್ಲರೂ ಮಾತು ನಿಲ್ಲಿಸಿದ್ದು ಕೇಳಿಸಿತು. ಕನ್ನಮ್ಮ ಸೀರೆ ಇಟ್ಟಳು. ಅಕ್ಕಿಯ ಮೊರವನ್ನು ಶಾಂತಮ್ಮ ಕಾಲಿನಿಂದ ಮುಂದಕ್ಕೆ ತಳ್ಳಿದಳು. ಕನ್ನಮ್ಮ ಅದನ್ನೂ ಎತ್ತಿಕೊಂಡು ಬಂದಳು. ದಾರಿಯುದ್ದಕ್ಕೂ, ಬಿಟ್ಟು ಬರಬೇಕಿತ್ತು ಎಂದು ಒಂದು ಸಲ, ಬಿಟ್ಟಿದ್ದರೆ ಅತ್ತೆ ಏನನ್ನುತ್ತಿದ್ದಳೋ ಎಂದು ಒಂದು ಸಲ ಅನ್ನಿಸುತ್ತಿತ್ತು.

ದುಗ್ಗಪ್ಪ ಉಪಾಯ ಹುಡುಕಿದ. "ನೀನು ಇನ್ನು ಯಾರ ಮನೆಗೂ ಹೋಗಬೇಡ. ಅವ್ವ ಹೋಗ್ತಾಳೆ. ನೀನು ಮನೇಲಿ ಕೂತು ಗುರುತು ಹಾಕು, ಗಂಜಿ ಮಾಡು, ಇಸ್ತ್ರಿ ಹಾಕು. ಕಣ್ಣಿಗೂ ವಿಶ್ರಾಂತಿ." ಹೇಳುವಾಗ ಅವನ ದನಿಯಲ್ಲಿ ಕರುಣೆಯೇ ಇತ್ತು. ಈಗ ದಿನಕ್ಕೆ ಇಪ್ಪತ್ತು ಗುರುತು. ಕಣ್ಣು ಸಂಜೆಯ ಹೊತ್ತಿಗೆ ಸೀಳಿನಷ್ಟೇ ತೆರೆಯುತ್ತಿತ್ತು.

ಒಂದು ಸೋಮವಾರ ದುಗ್ಗಪ್ಪ ಸೋಡಾ ತರಲು ಸಾಗರದ ಬಸ್ಸು ಹತ್ತಿದ. ಹುಲಿಯಮ್ಮನಿಗೆ ಮೊಣಕಾಲು ನೋವು. ಡಾಕ್ಟರ ಕೋಟು ತಲುಪಿಸಲು ಬೇರೆ ಯಾರೂ ಇರಲಿಲ್ಲ. ಕನ್ನಮ್ಮ ಆಸ್ಪತ್ರೆಯ ಹಿಂಬದಿಯಿಂದ ಹೋಗಿ, ಕೋಟನ್ನು ಬೆಂಚಿನ ಮೇಲಿಟ್ಟು ತಿರುಗಿದಳು.

"ನಿಲ್ಲಮ್ಮ" ಎಂದರು ಡಾಕ್ಟರು. ಬಯಲುಸೀಮೆಯ ಹುಡುಗ, ಮೀಸೆ ಇನ್ನೂ ಸರಿಯಾಗಿ ಬಂದಿರಲಿಲ್ಲ. "ಸೆರಗು ತೆಗಿ, ನೋಡೋಣ."

"ಹೊಗೆ ಸ್ವಾಮಿ."

ಅವರು ಬೆನ್ನು ತಿರುಗಿಸಿ ಕಾಲರು ಕೆಳಗೆ ಎಳೆದು ತೋರಿಸಿದರು. ಕತ್ತಿನ ಹಿಂದೆ ಕೆಂಪು ಗಾಯ, ಸಿಪ್ಪೆಯೆದ್ದದ್ದು. ಕೊಡೆಯ ಹಾಗೆ ಬಿಲ್ಲಿನ ಆಕಾರ. ತಾನೇ ಬರೆದ ಗುರುತು ಮನುಷ್ಯನ ಚರ್ಮದ ಮೇಲೆ ಎದ್ದಿದ್ದನ್ನು ಕಂಡು ಕನ್ನಮ್ಮನಿಗೆ ನಿಂತ ನೆಲ ಬಾಯಿಬಿಡಬಾರದೇ ಅನ್ನಿಸಿತು.

"ನನಗೂ ಹೊಗೇನೇ ಬಡೀತಾ?" ಎಂದು ಅವರು ನಕ್ಕರು. ಅವಳಿಗೆ ನಗು ಬರಲಿಲ್ಲ.

"ಮಡಿವಾಳರಿಗೆ ಕೇರು ತಾಗೂದಿಲ್ಲ ಸ್ವಾಮಿ. ನನ್ನ ಕೈ ನೋಡಿ, ಏನಾಗಿದೆ?"

"ಕೈ ಚರ್ಮ ದಪ್ಪ, ಒಗೆದು ಒಗೆದು ಚಕ್ಕಳ ಆಗಿದೆ. ರೆಪ್ಪೆ ಈರುಳ್ಳಿ ಪೊರೆ ಇದ್ದ ಹಾಗೆ. ಬೆರಳಲ್ಲಿ ಕೂತ ಕೇರಿನ ರಸ ಅಲ್ಲಿಗೆ ಹೋಗುತ್ತೆ. ಇಷ್ಟು ವರ್ಷ ತಡೆದ ಮೈ ಒಂದು ದಿನ ತಡೆಯೋಲ್ಲ ಅನ್ನುತ್ತೆ. ಇದು ಯಾರಿಗೂ ಅಂಟೋದಲ್ಲ." ಅರಿಶಿನ, ಬೇವು, ಕಾಡಿಗೆ ಎಲ್ಲ ಬಿಡಲು ಹೇಳಿದರು. ಸಾಬೂನು ಬೇಡ, ತಣ್ಣೀರಿನ ಬಟ್ಟೆ ಒತ್ತು, ಉಜ್ಜಬೇಡ. ಒಂದು ಡಬ್ಬಿಯಲ್ಲಿ ಮುಲಾಮು ಕೊಟ್ಟರು: ಅಕ್ಕಿಕಾಳಿನಷ್ಟು, ರೆಪ್ಪೆಯ ಹೊರಗೆ ಮಾತ್ರ, ಐದೇ ದಿನ. "ಆದರೆ ಆ ಬೀಜ ಮುಟ್ಟಿದರೆ ನನ್ನ ಮುಲಾಮು ವ್ಯರ್ಥ."

ಮನೆಗೆ ಬಂದು ಅತ್ತೆಗೆ ಹೇಳಿದಳು. ಹುಲಿಯಮ್ಮ ಮೊಣಕಾಲಿಗೆ ಎಣ್ಣೆ ತಿಕ್ಕುತ್ತ ತಲೆ ಎತ್ತಲಿಲ್ಲ. ಅವಳ ಕಣ್ಣಿನ ಸುತ್ತ ಚರ್ಮ ಕಪ್ಪಾಗಿ, ದಪ್ಪಗೆ, ಹುಣಸೆ ಸಿಪ್ಪೆಯಂತೆ ಮಡಚಿಕೊಂಡಿತ್ತು, ರೆಪ್ಪೆಗೂದಲು ಒಂದೂ ಇರಲಿಲ್ಲ. ಹದಿನಾಲ್ಕು ವರ್ಷ ಎದುರಿಗೆ ಕೂತು ಉಂಡ ಕನ್ನಮ್ಮ ಅದನ್ನು ಮುಪ್ಪು ಅಂದುಕೊಂಡಿದ್ದಳು.

"ಅತ್ತೆ, ನಿಮಗೂ ಆಗಿತ್ತಾ?"

"ಹೊಗೆ ಅಂದಿದ್ದೆ."

"ಮಾವನಿಗೆ ಗೊತ್ತಿರ್ಲಿಲ್ವಾ?"

"ಅವರೆಲ್ಲಿ ಬೀಜ ಮುಟ್ತಿದ್ರು? ಕೂತು ಹೇಳ್ತಿದ್ರು, ನಾನು ಚುಚ್ತಿದ್ದೆ." ಹುಲಿಯಮ್ಮ ಎಣ್ಣೆಯ ಬಟ್ಟಲು ಮುಚ್ಚಿದಳು. "ಬಾಯಿ ಮುಚ್ಕಂಡಿರು ಕನ್ನಿ. ಹೊರಗೆ ಬಿದ್ರೆ ನೀನು ಬೆರಕೆ ಅಂತಾರೆ, ಅರಳಸುರಳಿ ಹೆಣ್ಣು ನಮ್ಮ ಕುಲದ್ದೇ ಅಲ್ಲ ಅಂತಾರೆ. ನಿನ್ನ ಗಂಡನ್ನೂ ಕೂರ್ಸೂದಿಲ್ಲ ಪಂಕ್ತೀಲಿ. ಚೂರು ಉರೀತದೆ, ಆಮೇಲೆ ಚರ್ಮ ಸತ್ತು ಹೋಗ್ತದೆ. ನಂದು ಸಾಯ್ಲಿಲ್ವಾ?"

ಅಷ್ಟು ಹೇಳಿ ಕುಂಟುತ್ತ ದನಕ್ಕೆ ನೀರಿಡಲು ಹೋದಳು.

ಕನ್ನಮ್ಮ ಅಂದಿನ ಗಂಟು ಬಿಚ್ಚಿದಳು. ಅತ್ತೆ ನಿನ್ನೆ ಶಾನುಭೋಗರ ಮನೆಯಿಂದ ತಂದದ್ದು. ತೊಟ್ಟಿಲಿನ ಬಟ್ಟೆ, ಹೊಚ್ಚ ಹೊಸ ತೆಳು ಹತ್ತಿಯ ಮಲ್ಲು, ಒಂಬತ್ತು ತುಂಡು. ನೋಡಬೇಡ ಎಂದಿದ್ದರಲ್ಲ, ಆ ಮಗುವಿನ ಕೆನ್ನೆ ಒರಗುವ ಬಟ್ಟೆ. ಗುರುತಿಲ್ಲದೆ ನಲವತ್ತು ಮನೆಯ ಬಟ್ಟೆಯ ನಡುವೆ ಹಾಕುವಂತಿಲ್ಲ. ಪಕ್ಕದಲ್ಲೇ ಕರಟದಲ್ಲಿ ಕೇರುಬೀಜ, ಎಲೆಯಲ್ಲಿ ಸುಣ್ಣ ಸಿದ್ಧ ಇತ್ತು. ಎರಡು ಚುಕ್ಕೆ, ಒಂದು ಗೆರೆ. ಕಣ್ಣು ಮುಚ್ಚಿದರೂ ಬರೆಯಬಲ್ಲಳು.

ಕಂತೆಯಿಂದ ಒಂದು ತುಂಡು ಎತ್ತಿ ಕೆನ್ನೆಗೆ ಒತ್ತಿಕೊಂಡಳು. ಡಾಕ್ಟರ ಕತ್ತಿನ ಬಿಲ್ಲು ಕಣ್ಣೊಳಗಿಂದ ಹೋಗಲಿಲ್ಲ.

ಕೇರಿನ ಬದಲು ದಾರದಲ್ಲಿ ಗುರುತು ಹಾಕಬಹುದು. ಆದರೆ ಕೆಂಪು ದಾರ ನಾಳೆ ಕಲ್ಲಿನ ಹತ್ತಿರ ಗುತ್ಯಮ್ಮನ ಕಣ್ಣಿಗೆ ಬೀಳದೆ ಇರುವುದಿಲ್ಲ. ಕೇರು ಎಲ್ಲಿ ಹೋಯ್ತೇ, ಎಂದು ಕೇಳದೆ ಬಿಡುವುದಿಲ್ಲ. ಹೊಗೆ ಎಂದು ಹೇಳಲು ಆಗ ಬರುವುದಿಲ್ಲ. ದುಗ್ಗಪ್ಪ ಸಂಜೆ ಬಸ್ಸಿಗೆ ಬರುತ್ತಾನೆ. ಅವನಿಗೆ ಮೊದಲು ಹೇಳಬೇಕೋ, ಅವನೇ ಕಂಡುಕೊಳ್ಳಲಿ ಎಂದು ಬಿಡಬೇಕೋ ತಿಳಿಯಲಿಲ್ಲ. 

ಎದ್ದು ಕರಟವನ್ನು ಒಲೆಯ ಹಿಂದಿನ ಬೂದಿಗುಂಡಿಗೆ ಒಯ್ದು ಕವಿಚಿದಳು, ಮೇಲೆ ಕಾಲಿನಿಂದ ಬೂದಿ ಎಳೆದಳು. ಕೈಯನ್ನು ಮೊಣಕೈ ತನಕ ಮೂರು ಸಲ ತೊಳೆದಳು. ಕೇರಿನ ಸೂಜಿ ಬಿಟ್ಟು, ರವಿಕೆ ಹೊಲಿಯುವ ಸೂಜಿ ತೆಗೆದಳು. ಊದಿದ ರೆಪ್ಪೆಯ ಸೀಳಿನಲ್ಲಿ ಸೂಜಿಯ ಕಣ್ಣು ಕಾಣಲಿಲ್ಲ. ದಾರ ಒಂದು ಸಲ ತಪ್ಪಿತು, ಎರಡು ಸಲ ತಪ್ಪಿತು. ಹೊರಗೆ ಅತ್ತೆ ಬಕೆಟ್ಟು ಇಟ್ಟ ಸದ್ದಾಯಿತು. ಕನ್ನಮ್ಮ ಬಟ್ಟೆ ಮುಚ್ಚಿಡಲಿಲ್ಲ. ದಾರದ ತುದಿಯನ್ನು ಬಾಯಲ್ಲಿಟ್ಟು ಒದ್ದೆ ಮಾಡಿ ಮತ್ತೆ ಹಿಡಿದಳು. ಈ ಸಲ ತೂರಿತು.