ಹುಳದತ್ತೆಯ ಹೆಸರು

ನಮ್ಮಪ್ಪನ ತಂಗಿಯನ್ನು ಮನೆಯವರೆಲ್ಲ ಕರೆಯುವುದು ಹುಳದತ್ತೆ ಅಂತ. ಅದಕ್ಕೆ ಅವಳು ಬೇಸರ ಮಾಡಿಕೊಂಡದ್ದಿಲ್ಲ. ಮ್ಯೂಸಿಯಂ ಹಿಂಬದಿಯಲ್ಲಿ, ಸೈಕಲ್ ನಿಲ್ಲಿಸುವ ಜಾಗದ ಕಡೆಗೆ ಕಿಟಕಿಯಿರುವ ಉದ್ದನೆಯ ಕೋಣೆಯಲ್ಲಿ ಕೂತು, ಸತ್ತ ಜೀರುಂಡೆಗಳನ್ನು ರಟ್ಟಿನ ಚೂರಿಗೆ ಅಂಟಿಸುವುದು ಅವಳ ಕೆಲಸ. ಕುಂಚದ ತುದಿಯಿಂದ ಕಾಲು ಬಿಡಿಸಿ, ಮೀಸೆ ನೇರ ಮಾಡಿ, ಹೊಟ್ಟೆಯಡಿ ಒಂದು ಚುಕ್ಕೆ ಅಂಟು ಹಾಕುತ್ತಾಳೆ. ನನ್ನ ಮದುವೆಯಲ್ಲಿ ನನಗೂ ಅಷ್ಟು ಸಿಂಗಾರ ಆಗಿರಲಿಲ್ಲ.

ಅವಳ ಪಾಲಿಗೆ ಬಂದದ್ದು ನೆಲಜೀರುಂಡೆ. ಹಾರುವುದಕ್ಕಿಂತ ಓಡುವುದನ್ನೇ ನೆಚ್ಚಿಕೊಂಡು, ಹಗಲೆಲ್ಲ ಕಲ್ಲಿನಡಿ ಮಲಗಿರುವ ಕಪ್ಪು ಹುಳ. ಊಟಕ್ಕೆ ಅಮ್ಮ ಕೋಸು ಬಡಿಸಿದರೆ ಸಾಕು, ಅತ್ತೆ ಶುರು ಮಾಡುತ್ತಾಳೆ. "ಇದು ನಮ್ಮ ತಟ್ಟೆ ತನಕ ಬಂದಿದ್ದು ಯಾರ ಪುಣ್ಯ ಅಂದ್ಕೊಂಡ್ರಿ ಅತ್ತಿಗೆ? ಮರಿಹುಳ ತಿನ್ನೋರು ಅವ್ರೇ, ಕಳೆ ಬೀಜ ತಿನ್ನೋರೂ ಅವ್ರೇ." ಹುಳಕ್ಕೆ ಬಹುವಚನ, ಸ್ವಂತ ಅಣ್ಣನಿಗೆ ಮಾತ್ರ ಏಕವಚನ.

ಬಸವನಹುಳು ತಿನ್ನುವ ನೆಲಜೀರುಂಡೆಗಳಲ್ಲಿ ಎರಡು ಬಗೆಯಂತೆ. ಒಂದರ ತಲೆ ಸಪೂರ. ಅದನ್ನು ಚಿಪ್ಪಿನೊಳಗೆ ತೂರಿಸಿ ತಿನ್ನುತ್ತದೆ. ಇನ್ನೊಂದರ ತಲೆ ದಪ್ಪ, ದವಡೆ ಗಟ್ಟಿ; ಚಿಪ್ಪನ್ನೇ ಪುಡಿ ಮಾಡಿ ತಿನ್ನುತ್ತದೆ. ಒಂದೇ ಊಟಕ್ಕೆ ಎರಡು ದಾರಿ ಹಿಡಿದು, ಲಕ್ಷಾಂತರ ವರ್ಷಗಳಲ್ಲಿ ಮೈಕಟ್ಟೂ ಹಾಗೆಯೇ ಬೇರೆಯಾಯಿತು ಎನ್ನುತ್ತಾಳೆ. "ನಿಮ್ಮಪ್ಪ ಎರಡನೇ ಜಾತಿ," ಎಂದೂ ಸೇರಿಸುತ್ತಾಳೆ. ಅಪ್ಪ ತಲೆಯೆತ್ತದೆ ಉಣ್ಣುತ್ತಾನೆ.

ಹೋದ ವರ್ಷ ಆ ಕೋಣೆಗೆ ಹೊಸ ಅಧಿಕಾರಿ ಬಂದರು. ಹುಳುಗಳ ಬಗ್ಗೆ ಓದಿಕೊಂಡ ಚುರುಕು ಮನುಷ್ಯ. ಹಳೆಯ ಡ್ರಾಯರ್‌ಗಳನ್ನು ತೆಗೆದು ನೋಡುತ್ತಿದ್ದವರು, ಒಂದು ಜೀರುಂಡೆ ಹಿಡಿದುಕೊಂಡು ಅತ್ತೆಯ ಮೇಜಿಗೆ ಓಡಿ ಬಂದರು.

"ಅಮ್ಮಾ, ಇದರ ಮೈ ನೋಡಿದ್ರೆ ಚಿಪ್ಪು ಒಡೆಯೋ ಜಾತಿ, ತಲೆ ನೋಡಿದ್ರೆ ತೂರಿಸೋ ಜಾತಿ. ಇಂಥದ್ದು ಎಲ್ಲೂ ಕಂಡಿಲ್ಲ ನಾನು. ಹೊಸದೇ ಆಗಿದ್ರೆ ಇದಕ್ಕೆ ನಿಮ್ಮ ಹೆಸರೇ ಇಡ್ತೀನಿ."

ಆ ಕೋಣೆಯಲ್ಲಿ ಪ್ರತಿ ಹುಳದ ಕೆಳಗೂ ಒಂದು ಚೀಟಿ ಇರುತ್ತದೆ: ಎಲ್ಲಿ ಸಿಕ್ಕಿತು, ಯಾರು ಹಿಡಿದರು. ಅಂಟಿಸಿದವರ ಹೆಸರು ಯಾವುದರಲ್ಲೂ ಇರುವುದಿಲ್ಲ. ಅತ್ತೆ ಹಿಗ್ಗಿ ಹೀರೇಕಾಯಿ ಆದಳು. ಅಪ್ಪನಂತೂ ದರ್ಜಿಯಿಂದ ಹಿಡಿದು ಹಾಲಿನವನ ತನಕ ಡಂಗುರ ಹೊಡೆದ.

ಹುಳದ ಅಡಿಭಾಗ ನೋಡಬೇಕೆಂದು ಅಧಿಕಾರಿ ಅದನ್ನು ರಟ್ಟಿನಿಂದ ಬಿಡಿಸಲು ಅತ್ತೆಗೇ ಕೊಟ್ಟರು. ಬೆಚ್ಚಗಿನ ನೀರಿನಲ್ಲಿ ಬಿಡುವ ಅಂಟನ್ನೇ ಅಲ್ಲಿ ಬಳಸುವುದು. ನೀರಿಗೆ ಹಾಕುವ ಮೊದಲು ಅತ್ತೆ ಭೂತಗನ್ನಡಿ ಹಿಡಿದಳು. ಹುಳದ ಕತ್ತಿನಲ್ಲಿ ಒಂದು ಚುಕ್ಕೆ ಅಂಟು ಇತ್ತು. ಅವಳು ಹುಳವನ್ನು ನೀರಿಗೆ ಹಾಕದೆ ಹಾಗೇ ಎತ್ತಿಟ್ಟಳು.

ಸಂಜೆ ನಮ್ಮ ಮನೆಗೆ ಬಂದವಳು ಚಪ್ಪಲಿಯನ್ನೂ ಬಿಡದೆ ಬಾಗಿಲಲ್ಲೇ ನಿಂತು ಹೇಳಿದಳು. "ಅದು ಹೊಸ ಹುಳ ಅಲ್ಲ ಕಣೇ. ಒಂದರ ಮೈಗೆ ಇನ್ನೊಂದರ ತಲೆ ಅಂಟಿಸಿದೀನಿ. ನಿನ್ನ ಮಗಳು ಹುಟ್ಟಿದಾಗ ಫೋನ್ ಮಾಡಿದ್ಯಲ್ಲ, ಅವತ್ತು."

ಅಂದು ಬಂದ ಪೆಟ್ಟಿಗೆ ದಾರಿಯಲ್ಲಿ ಕುಲುಕಿ, ಎರಡು ಹುಳಗಳ ತಲೆ ಉದುರಿದ್ದವು. ಯಾವ ತಲೆ ಯಾರದ್ದೆಂದು ಖಾತ್ರಿಯಾಗುವ ತನಕ ಕತ್ತಿಗೆ ಅಂಟಿಸಬಾರದು, ಮೈಯ ಪಕ್ಕದಲ್ಲಿಡಬೇಕು. ಈ ನಿಯಮ ಮೀರಿದ್ದಕ್ಕೆ ಅತ್ತೆ ಎಷ್ಟು ಜನರನ್ನು ಬೈದಿದ್ದಾಳೋ. ಆದರೆ ಅಂದು ಫೋನನ್ನು ಭುಜಕ್ಕೂ ಕಿವಿಗೂ ನಡುವೆ ಸಿಕ್ಕಿಸಿಕೊಂಡು, ಮೂಗು ಯಾರ ಹಾಗಿದೆ ಎಂದು ನನ್ನನ್ನು ಕೇಳುತ್ತಾ, ಖುಷಿಯಲ್ಲಿ ಅಂಟಿಸಿಯೇ ಬಿಟ್ಟಿದ್ದಳು.

"ಊರಿಗೆಲ್ಲ ಹೇಳಿದೀನಲ್ಲೇ," ಎಂದು ಅಪ್ಪ ತಲೆ ಕೆರೆದುಕೊಂಡ. "ಆ ಅಂಟು ಒರೆಸಿದ್ರೆ ಯಾರಿಗೆ ಗೊತ್ತಾಗುತ್ತೆ?"

"ನಂಗೆ ಗೊತ್ತಲ್ವೇನೋ," ಎಂದಳು ಅತ್ತೆ. ಆಮೇಲೆ ನನ್ನ ಮಗಳನ್ನು ಹತ್ತಿರ ಎಳೆದುಕೊಂಡು, "ನನ್ನ ಹೆಸರು ನುಂಗಿದವಳು ನೀನೇ," ಎಂದು ಅವಳ ಮೂಗು ಹಿಂಡಿದಳು. ನಕ್ಕಳೇನೋ ಸರಿ, ಅವಳ ಮುಖ ಬಾಡಿತ್ತು. ನನಗೂ ಸಂಕಟವಾಯಿತು.

ಮಾರನೆಯ ಬೆಳಿಗ್ಗೆ ಕುಂಚ ಮುಟ್ಟುವ ಮೊದಲೇ ಅಧಿಕಾರಿಗೆ ಹೇಳಿದಳು. ಅವರು ಸ್ಟೂಲ್ ಮೇಲೆ ಕುಸಿದು ಕೂತು, ಸ್ವಲ್ಪ ಹೊತ್ತು ಹುಳವನ್ನೇ ನೋಡಿ, ಹೊಟ್ಟೆ ಹಿಡಿದುಕೊಂಡು ನಕ್ಕರಂತೆ.

"ಬದುಕಿಸಿದ್ರಿ ಅಮ್ಮಾ. ಹೊಸ ಜಾತಿ ಅಂತ ಬರೆದು ಕಳಿಸೋದೊಂದೇ ಬಾಕಿ ಇತ್ತು."

"ಇನ್ನೊಂದೂ ಇಲ್ಲೇ ಎಲ್ಲೋ ಇರ್ಬೇಕು ಸರ್," ಎಂದಳು ಅತ್ತೆ.

ಇಬ್ಬರೂ ಹುಡುಕಿದರು. ಕೆಳಗಿನ ಡ್ರಾಯರ್‌ನಲ್ಲಿ ಸಿಕ್ಕಿತು: ಬಡಕಲು ಮೈ, ಅದರ ಮೇಲೆ ಅಪ್ಪನ ಹೆಲ್ಮೆಟ್ ಹಾಕಿಕೊಂಡ ಮಗುವಿನ ಹಾಗೆ ದಪ್ಪ ತಲೆ. ಎರಡನ್ನೂ ಬೆಚ್ಚಗಿನ ನೀರಿಗೆ ಹಾಕಿ ಬಿಡಿಸಿ, ಅವರವರ ತಲೆಯನ್ನು ಅವರವರ ಪಕ್ಕದಲ್ಲಿಟ್ಟು ಅಂಟಿಸಿದರು. ಅಧಿಕಾರಿ ಎರಡಕ್ಕೂ ಇನ್ನೊಂದೊಂದು ಚೀಟಿ ಬರೆದು ಸೇರಿಸಿದರು.

ಭಾನುವಾರ ಅತ್ತೆ ನಮ್ಮನ್ನೆಲ್ಲ ಮ್ಯೂಸಿಯಂಗೆ ಕರೆದುಕೊಂಡು ಹೋದಳು. ಆಗಷ್ಟೇ ಓದಲು ಕಲಿತಿದ್ದ ನನ್ನ ಮಗಳು, ಕಣ್ಣಿಗೆ ಭೂತಗನ್ನಡಿ ಒತ್ತಿಕೊಂಡು, ಹೊಸ ಚೀಟಿಯನ್ನು ಒಂದೊಂದೇ ಅಕ್ಷರ ಕೂಡಿಸಿ ಓದಿದಳು: ತಲೆ ಅದಲುಬದಲಾಗಿತ್ತು. ಪತ್ತೆ ಮಾಡಿದವರು, ಅಂಟಿಸಿದವರೇ. ಅದರ ಕೆಳಗೆ ಇದ್ದ ಹೆಸರನ್ನೂ ಓದಿದಳು, ಮನೆಯಲ್ಲಿ ಯಾರ ಬಾಯಲ್ಲೂ ಕೇಳಿರದ ಹೆಸರು.

"ಇದ್ಯಾರು, ಹುಳದಜ್ಜಿ?"

ಅತ್ತೆ ಸೆರಗಿನಿಂದ ಕನ್ನಡಕ ಒರೆಸಿಕೊಂಡಳು.

"ನಾನೇ ಕಣೇ," ಎಂದಳು. "ಇನ್ನೊಂದ್ಸಲ ಓದು."