ಬಾಗಿಲಲ್ಲಿ ನಿಂತ ಮೂಗು

ನಿಮ್ಮ ಮನೆಯ ವಾಸನೆ ನಿಮಗೆ ಗೊತ್ತಿಲ್ಲ. ಮನೆಗೆ ಬಂದವರಿಗೆಲ್ಲ ಗೊತ್ತು. ಮರ್ಯಾದೆಗೆ ಹೇಳುವುದಿಲ್ಲ, ಅಷ್ಟೆ. ಇದೇನು ಹೊಸ ಸಂಶೋಧನೆಯಲ್ಲ. ಊರಿಂದ ವಾಪಸು ಬಂದು ಬೀಗ ತೆಗೆದಾಗ ಗಪ್ಪನೆ ಮುಖಕ್ಕೆ ಬಡಿಯುತ್ತದಲ್ಲ, ‘ಛೆ, ಇದೇನಿದು’ ಅನ್ನುತ್ತೀರಲ್ಲ, ಚೀಲ ಬಿಚ್ಚಿಡುವಷ್ಟರಲ್ಲಿ ಮರೆತೇ ಹೋಗುತ್ತದಲ್ಲ, ಅದೇ. ವಾಸನೆ ಎಲ್ಲೂ ಹೋಗಿರುವುದಿಲ್ಲ. ಮೂಗು ವರದಿ ಒಪ್ಪಿಸುವುದನ್ನು ನಿಲ್ಲಿಸಿರುತ್ತದೆ.

ಸೋಪಿನ ಕಾರ್ಖಾನೆಯ ಘಮಕ್ಕನಿಗೆ ಇದು ನಿಮಗಿಂತ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಏಮಾರಿದಳು. ಅದಕ್ಕೇ ಅವಳ ಕತೆ ಹೇಳಬೇಕು.

ಅವಳ ಕೆಲಸ ಮೂಸುವುದು. ಅಚ್ಚಿನಿಂದ ಹೊರಬಿದ್ದ ಪ್ರತಿ ಸರಕಿನಿಂದಲೂ ಒಂದು ಸೋಪು ಅವಳ ಮೇಜಿಗೆ ಬರಬೇಕು. ಉಗುರಿನಲ್ಲಿ ಕೆರೆದು, ಕಣ್ಣು ಮುಚ್ಚಿ, ಮೂಗಿಗೆ ಹಿಡಿದು ತಲೆಯಾಡಿಸಿದರೆ ಸರಕು ಮುಂದಕ್ಕೆ. ಹುಬ್ಬು ಗಂಟಿಕ್ಕಿದರೆ ವಾಪಸು ಕಡಾಯಿಗೆ. ಒಂದು ಸೋಪಿಗೂ ಇನ್ನೊಂದಕ್ಕೂ ನಡುವೆ ತನ್ನದೇ ಮೊಣಕೈ ಮಡಿಕೆಯನ್ನು ಒಮ್ಮೆ ಮೂಸಿಕೊಳ್ಳುತ್ತಿದ್ದಳು. ದಣಿದ ಮೂಗನ್ನು ಮನೆಗೆ ಕರೆದುಕೊಂಡು ಬರುವ ಉಪಾಯ ಅದು. ಹೊಸಬರು ಕಿಸಕ್ಕನೆ ನಗುತ್ತಿದ್ದರು. ಹಳಬರು ಆ ಮೂಗಿನ ಮೇಲೆ ಆಣೆ ಇಡುತ್ತಿದ್ದರು. ಘಮಕ್ಕ ಅನ್ನುವ ಹೆಸರನ್ನು ಇಟ್ಟವರೂ ಅವರೇ.

ಅವಳ ಮೇಜು ಪ್ಯಾಕಿಂಗ್ ಹಾಲಿನ ಮೂಲೆಯಲ್ಲಿತ್ತು. ಧೂಳು ಬರುತ್ತದೆಂದು ಕಿಟಕಿಗಳಿಗೆ ಮೊಳೆ ಹೊಡೆದಿದ್ದರು. ಗೋಡೆಯಾಚೆ ಸೋಪಿನ ಹೊದಿಕೆ ಕಾಗದ ಮುದ್ರಿಸುವ ಯಂತ್ರ.

ಅದೇ ಹಾಲಿಗೆ ಅವಳ ನಾದಿನಿ ಕೆಲಸಕ್ಕೆ ಸೇರಿದಳು. ಗಂಡನ ತಂಗಿ, ಆಳು ಒಬ್ಬಳು, ಬಾಯಿ ನಾಲ್ಕು ಜನರದ್ದು. ಅಂಗಳದಾಚೆಯ ಶೆಡ್ಡಿನಿಂದ ರಟ್ಟಿನ ಕಟ್ಟು ಹೊತ್ತು ತರುವುದು ಅವಳ ಕೆಲಸ. ಇನ್ನೂ ಕಾಯಂ ಆಗಿರಲಿಲ್ಲ.

ಒಂದು ದಿನ ಕಟ್ಟನ್ನು ಧೊಪ್ಪನೆ ಇಳಿಸಿ ಕೇಳಿದಳು: “ಅತ್ತಿಗೆ, ಇಲ್ಯಾರಾದ್ರೂ ಬಾಳೆಹಣ್ಣು ಕೊಳೆ ಹಾಕಿದ್ದಾರಾ?”

“ಅದು ಮಲ್ಲಿಗೆ ಸೋಪು ಕಣೇ. ಮಲ್ಲಿಗೆ ಅತ್ತರಿನಲ್ಲೇ ಬಾಳೆಹಣ್ಣಿನ ಛಾಯೆ ಇರುತ್ತೆ. ನಿಂಗೆಲ್ಲಿ ಗೊತ್ತಾಗಬೇಕು?”

“ಛಾಯೆ ಅಲ್ಲ ಅತ್ತಿಗೆ, ಇಡೀ ಗೊನೆನೇ ಇದೆ. ತಲೆ ಸಿಡೀತಿದೆ.”

“ನಿನ್ನ ತಲೆ ಸಿಡಿಯೋಕೆ ನೆಪ ಬೇರೆ ಬೇಕಾ? ಹೋಗು, ರಟ್ಟು ತಗೊಂಡು ಬಾ.”

“ಹೋಗ್ತೀನಪ್ಪಾ. ನಿಮ್ಮ ಮೂಗಿಗೆ ಮೂಗುತಿ ಸಾಲದು, ಕಿರೀಟನೇ ಮಾಡಿಸಬೇಕು!”

ಹಾಲೆಲ್ಲ ಗೊಳ್ಳೆಂದಿತು. ಆದರೆ ತಲೆನೋವು ನಾದಿನಿಯೊಬ್ಬಳದೇ ಆಗಿರಲಿಲ್ಲ. ಹೊದಿಕೆ ಸುತ್ತುವವಳೊಬ್ಬಳು ಮಧ್ಯಾಹ್ನ ವಾಂತಿ ಮಾಡಿಕೊಂಡಳು. ಇನ್ನೊಬ್ಬಳು ಹಣೆಗೆ ಬಟ್ಟೆ ಬಿಗಿದುಕೊಂಡೇ ಕೂತಳು. ಹೆಂಗಸರ ತಲೆನೋವಿಗೆ ಈ ಲೋಕದಲ್ಲಿ ಕಾರಣಗಳಿಗೇನು ಬರ! ನಿದ್ದೆಗೆಟ್ಟಿದ್ದಾಳೆ, ತಿಂಡಿ ತಿಂದಿಲ್ಲ, ಗಂಡನ ಹತ್ತಿರ ಜಗಳ, ಮೈಗಳ್ಳತನ. ಗಾಳಿ ಕೆಟ್ಟಿದೆ ಅನ್ನುವುದೊಂದನ್ನು ಬಿಟ್ಟು ಎಲ್ಲವನ್ನೂ ಹೇಳುತ್ತಾರೆ.

ನಾದಿನಿ ಸುಮ್ಮನಿರುವ ಪೈಕಿಯಲ್ಲ. ಹಾಲಿನೊಳಗೇ ಇದ್ದ ಗಾಜಿನ ಕೋಣೆಗೆ ಹೋಗಿ ಮ್ಯಾನೇಜರನ್ನು ಎಬ್ಬಿಸಿಕೊಂಡು ಬಂದಳು. ಬೆಳಗಿನಿಂದ ಅದೇ ಗಾಳಿ ಕುಡಿದಿದ್ದ ಅವನಿಗೂ ಏನೂ ತಿಳಿಯಲಿಲ್ಲ.

“ಘಮಕ್ಕ, ಏನಾದ್ರೂ ಬರ್ತಿದೆಯಾ?”

ಘಮಕ್ಕ ಮೊಣಕೈ ಮೂಸಿದಳು. ಕಣ್ಣು ಮುಚ್ಚಿ ಉದ್ದಕ್ಕೆ ಉಸಿರೆಳೆದಳು. ಸುಳ್ಳು ಹೇಳಲಿಲ್ಲ ಅವಳು, ಇದನ್ನು ನೆನಪಿಡಿ. “ಮಲ್ಲಿಗೆ ಬಿಟ್ರೆ ಏನೂ ಇಲ್ಲ ಸರ್.”

“ಘಮಕ್ಕ ಇಲ್ಲ ಅಂದ್ರೆ ಇಲ್ಲ,” ಅಂದ ಮ್ಯಾನೇಜರ್ ನಾದಿನಿಯ ಕಡೆ ತಿರುಗಿದ. “ನಾಳೆಯಿಂದ ಬರೋದು ಬೇಡಮ್ಮ. ಗಾಬರಿ ಎಬ್ಬಿಸೋರು ನಮಗೆ ಬೇಡ.”

ಹೋಯಿತು ಕೆಲಸ. ನಾದಿನಿ ಏಪ್ರನ್ ಬಿಚ್ಚಿ ಮೇಜಿನ ಮೇಲೆ ಎಸೆದು ಸರಸರ ಹೊರಟಳು. ಊಟದ ಡಬ್ಬಿ ಅಲ್ಲೇ ಉಳಿಯಿತು. ಘಮಕ್ಕ ಅದನ್ನು ಹಿಡಿದು ಗೇಟಿನವರೆಗೆ ಓಡಿದಳು.

“ಡಬ್ಬಿ ಬಿಟ್ಟು ಬಂದಿದ್ದೀಯ.”

“ನೀವೇ ಇಟ್ಕೊಂಡು ಮೂಸ್ತಾ ಕೂತ್ಕೊಳ್ಳಿ! ನಾನು ಸುಳ್ಳು ಹೇಳ್ತೀನಾ ಅತ್ತಿಗೆ?”

“ಮತ್ತೆ ನನ್ನ ಮೂಗು ಸುಳ್ಳು ಹೇಳುತ್ತಾ?”

ಬಯಲಿನ ಗಾಳಿಯಲ್ಲಿ ನಿಂತು ಇಬ್ಬರೂ ಸಾಕಷ್ಟು ಹೊತ್ತು ಜಗಳವಾಡಿದರು; ಗೇಟಿನ ಕಾವಲುಗಾರ ಕುರ್ಚಿ ಹತ್ತಿರ ಎಳೆದುಕೊಂಡ. ಕಡೆಗೆ ಘಮಕ್ಕ ಡಬ್ಬಿ ಹಿಡಿದೇ ಬುಸುಗುಡುತ್ತ ವಾಪಸು ಬಂದು ಹಾಲಿನ ಬಾಗಿಲು ತಳ್ಳಿದಳು.

ಬಾಳೆಹಣ್ಣು!

ಛಾಯೆಯಲ್ಲ, ಗೊನೆ. ಕೊಳೆತ ಗೊನೆ! ಅದರ ಬೆನ್ನಿಗೇ ಮೂಗಿನ ಬುಡ ಸುಡುವ ಘಾಟು. ಮುದ್ರಣದ ಶಾಯಿಗೆ ಬೆರೆಸುವ, ಬಾಳೆಹಣ್ಣಿನಂತೆ ನಾರುವ ಥಿನ್ನರ್! ಮೇಜಿನ ತನಕ ನಡೆದಳು, ವಾಸನೆ ತೆಳುವಾಯಿತು. ಕೂತು ಸೋಪು ಕೆರೆಯುವಷ್ಟರಲ್ಲಿ ಕರಗಿಯೇ ಹೋಯಿತು. ಎದ್ದಳು, ಅಂಗಳಕ್ಕೆ ಓಡಿದಳು, ನಿಂತಳು. ಅಭ್ಯಾಸಬಲದಿಂದ ಮೊಣಕೈ ಮೂಸಿದಳು. ಅಲ್ಲೂ ಬಾಳೆಹಣ್ಣು! ಯಾವ ತಕ್ಕಡಿಯಲ್ಲಿ ಲೋಕವನ್ನು ತೂಗುತ್ತಿದ್ದಳೋ ಆ ತಟ್ಟೆಗೇ ಕೊಳೆ ಮೆತ್ತಿತ್ತು. ಮತ್ತೆ ಒಳಗೆ: ಘಾಟು. ಮತ್ತೆ ಹೊರಗೆ, ಮತ್ತೆ ಒಳಗೆ. ಅಳುವೋ ನಗುವೋ ಒಂದೂ ತಿಳಿಯದೆ ಬಾಗಿಲಲ್ಲಿ ಕುಣಿದಾಡುತ್ತಿದ್ದವಳನ್ನು ಕಂಡು ಹೆಂಗಸರು ‘ಘಮಕ್ಕನಿಗೆ ಗಾಳಿ ಹಿಡಿಯಿತು’ ಅಂದರು. ಹಿಡಿದದ್ದು ನಿಜ, ಒಳ್ಳೆಯ ಗಾಳಿ.

“ಎದ್ದೇಳ್ರೇ! ಎಲ್ರೂ ಹೊರಗೆ! ಸರ್, ನೀವೂ!”

“ಏನಮ್ಮ, ಬೆಂಕಿ ಬಿತ್ತಾ?”

“ಬೀಳೋಕೆ ಮುಂಚೆ ಏಳಿ!”

ಎಲ್ಲರನ್ನೂ ಅಂಗಳದಲ್ಲಿ ನಿಲ್ಲಿಸಿದಳು. ಗೊಣಗಿದರು, ಆಕಳಿಸಿದರು, ಉಸಿರಾಡಿದರು. “ಈಗ ಒಬ್ಬೊಬ್ಬರೇ ಬಾಗಿಲಿಗೆ ಬನ್ನಿ.” ಮೊದಲು ಬಂದ ಮ್ಯಾನೇಜರ್ ಹೊಸ್ತಿಲಲ್ಲೇ ಕೆಮ್ಮಿ ಕರವಸ್ತ್ರಕ್ಕೆ ತಡಕಾಡಿದ. ಹಿಂದಿದ್ದವರು “ಅಯ್ಯೋ! ಅಯ್ಯೋ!” ಅನ್ನುತ್ತ ಹಿಮ್ಮೆಟ್ಟಿದರು. ಯಂತ್ರ ನಿಲ್ಲಿಸಿ ಹುಡುಕಿದರೆ, ಗೋಡೆಯಾಚೆ ಡಬ್ಬದ ಬೆಸುಗೆ ಬಿಟ್ಟು, ಥಿನ್ನರ್ ಗೋಡೆಯ ಬುಡದ ಬಿರುಕಿನಿಂದ ಹಾಲಿನೊಳಕ್ಕೆ ಜಿನುಗುತ್ತಿತ್ತು. ನಿಧಾನವಾಗಿ, ಒಳಗೇ ಕೂತ ಯಾವ ಮೂಗಿಗೂ ಎಚ್ಚರವಾಗದ ಹಾಗೆ.

ನಾದಿನಿ ಇನ್ನೂ ಗೇಟಿನ ಬಳಿ ಕೈಕಟ್ಟಿ ನಿಂತಿದ್ದಳು. “ನಾಳೆ ಬಾಮ್ಮ,” ಅಂದ ಮ್ಯಾನೇಜರ್.

“ಅತ್ತಿಗೆಯ ಮೂಗು ಏನನ್ನುತ್ತೋ ಕೇಳಿ.”

“ನನ್ನ ಮೂಗಿಗೆ ಇನ್ನು ನೀನೇ ಸಾಕ್ಷಿ ಕಣೇ,” ಅಂದು ಘಮಕ್ಕ ಡಬ್ಬಿಯನ್ನು ಅವಳ ಕೈಗಿಟ್ಟಳು. “ಮೊಳೆ ಕೀಳಿಸಿ ಸರ್, ಕಿಟಕಿ ತೆಗೆಸಿ. ಅಲ್ಲೀವರೆಗೂ ಯಾರೂ ಒಳಗೆ ಹೋಗಲ್ಲ.” ಯಾರೂ ಹೋಗಲಿಲ್ಲ.

ಈಗಲೂ ಅವಳು ಮೂಸುತ್ತಾಳೆ. ಆದರೆ ‘ಏನೂ ಇಲ್ಲ’ ಅನ್ನುವುದನ್ನು ಬಿಟ್ಟಿದ್ದಾಳೆ. “ನಂಗೇನೂ ಬರ್ತಿಲ್ಲ, ಹೊರಗಿಂದ ಒಬ್ಬರನ್ನ ಕರೀರಿ,” ಅನ್ನುತ್ತಾಳೆ.

ನೀವು? ಮನೆಗೆ ಬಂದ ಸೊಸೆ, ಆಫೀಸಿಗೆ ಬಂದ ಹೊಸಬ ‘ಇಲ್ಲೇನೋ ನಾರುತ್ತಿದೆ’ ಅಂದಾಗ, ‘ನಾವು ಇಷ್ಟು ವರ್ಷದಿಂದ ಇದ್ದೀವಿ, ನಮಗೆ ಗೊತ್ತಾಗ್ತಿರಲಿಲ್ವಾ?’ ಅಂತ ಬಾಯಿ ಮುಚ್ಚಿಸಿದವರು ನೀವೇ ಅಲ್ಲವೇ? ಇಷ್ಟು ವರ್ಷದಿಂದ ಇದ್ದೀರಿ, ಅದಕ್ಕೇ ಗೊತ್ತಾಗುತ್ತಿಲ್ಲ. ಏಳಿ. ಹೊರಗೆ ಹೋಗಿ, ಒಳ್ಳೆಯ ಗಾಳಿಯಲ್ಲಿ ಸ್ವಲ್ಪ ಹೊತ್ತು ನಿಲ್ಲಿ. ಆಮೇಲೆ ವಾಪಸು ಬಂದು ನಿಮ್ಮದೇ ಬಾಗಿಲು ತೆಗೆದು, ಮೂಗಿಗೆ ಬಡಿದದ್ದನ್ನು ಮರೆಯುವ ಮುಂಚೆ ಬಾಯಿಬಿಟ್ಟು ಹೇಳಿ.